ಹಳೆಯ ಆಪೂಸ ಗಿಡ ಕಡಿಯುವ ಮುನ್ನ: ಸವರುವಿಕೆ ಮತ್ತು ಆರೈಕೆ

ಹಾನಗಲ್ಲ ತಾಲ್ಲೂಕು ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ತಿಳವಳ್ಳಿ, ಆಡೂರು, ಅಕ್ಕಿಆಲೂರು ಕಡೆಗೆ ತಗ್ಗಿನಲ್ಲಿ ಭತ್ತದ ಗದ್ದೆ, ಏರಿನ ಕೆಂಪು ಮಣ್ಣಿನಲ್ಲಿ ಮಾವಿನ ತೋಟ ಇರುವುದು ಸಾಮಾನ್ಯ. ಈ ತೋಟಗಳಲ್ಲಿ ಹೆಚ್ಚಿನವು ಆಪೂಸ. ತಂದೆ ಹಚ್ಚಿದ ಗಿಡ ಮಗನ ಕಾಲಕ್ಕೆ ಮುಗಿಲಿಗೆ ಏರಿದೆ. ಕೊಂಬೆಗೆ ಕೊಂಬೆ ಹೆಣೆದುಕೊಂಡು ನಡುಹಗಲಿನಲ್ಲಿಯೂ ಬುಡದಲ್ಲಿ ಕತ್ತಲೆ. ಒಂದು ವರ್ಷ ಹಿಡಿದರೆ ಮರುವರ್ಷ ಇಲ್ಲ. ಹಿಡಿದ ಹಣ್ಣೂ ತುತ್ತತುದಿಯಲ್ಲಿ. ಅಲ್ಲಿಗೆ ಏರಿ ಜೋಪಾನವಾಗಿ ಇಳಿಸುವ ಆಳು ಸಿಗುವುದಿಲ್ಲ, ಬಡಿದು ಕೆಡವಿದ ಹಣ್ಣಿಗೆ ಬೆಲೆ ಸಿಗುವುದಿಲ್ಲ. ಈ ಬೇಸರದಿಂದಲೇ ಅನೇಕರು ಗಿಡಗಳನ್ನು ಬುಡಸಮೇತ ಕಡಿಸಿ ಅಡಿಕೆ ಹಚ್ಚುತ್ತಿದ್ದಾರೆ. ನೀರಿಲ್ಲದವರು ಗೋವಿನಜೋಳ ಬಿತ್ತುತ್ತಿದ್ದಾರೆ.

ಅಡಿಕೆ ಹಚ್ಚಬೇಡಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಅಡಿಕೆ ಬೇಸಿಗೆಯಲ್ಲಿ ನೀರು ಬೇಡುವ ಬೆಳೆ. ಕೊಳವೆಬಾವಿ ಕೈಕೊಟ್ಟ ವರ್ಷ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಮಾವು ಹಾಗಲ್ಲ. ಬೇರು ಆಳಕ್ಕೆ ಇಳಿದ ಗಿಡವು ಬರಗಾಲದಲ್ಲಿಯೂ ಜೀವ ಹಿಡಿದುಕೊಂಡಿರುತ್ತದೆ. ನಲವತ್ತು ವರ್ಷ ಬೆಳೆದ ಆ ಬೇರು ಕಡಿದರೆ ಮತ್ತೆ ಸಿಗುವುದಿಲ್ಲ. ಫಲ ಕೊಡದಿರುವುದಕ್ಕೆ ಗಿಡ ಮುದಿಯಾದದ್ದೇ ಕಾರಣವಾಗಿರಲಾರದು. ಬೆಳಕು ಕಾಣದಿರುವುದು ಕಾರಣವಾಗಿರಬಹುದು. ಅಂಥ ಗಿಡಕ್ಕೆ ಬೇಕಾದದ್ದು ಕೊಡಲಿಯಲ್ಲ, ಗರಗಸ.

ಮಾವು ಎಲ್ಲಿ ಹೂಬಿಡುತ್ತದೆ?

ಸವರುವಿಕೆಗೆ ಕೈಹಾಕುವ ಮೊದಲು ತಿಳಿಯಬೇಕಾದ ಮಾತು ಇದೊಂದೇ. ಒಂದೊಂದು ಹಣ್ಣಿನ ಗಿಡಕ್ಕೆ ಒಂದೊಂದು ರೀತಿ. ಕಾಶ್ಮೀರ, ಹಿಮಾಚಲ ಪ್ರದೇಶಗಳಲ್ಲಿ ಬೆಳೆಯುವ ಪ್ಲಮ್, ಅಂದರೆ ಅಂಗಡಿಯಲ್ಲಿ ಒಣಗಿಸಿ ಮಾರುವ ಆಲೂಬುಖಾರಿಯ ಜಾತಿಯ ಹಣ್ಣು, ಹಳೆಯ ಕೊಂಬೆಗಳ ಮೇಲಿರುವ ಮೊಂಡಾದ ಚಿಕ್ಕ ಕವಲುಗಳಲ್ಲಿ ವರ್ಷ ವರ್ಷವೂ ಹೂಬಿಡುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಅದನ್ನು ಸವರುವ ಕ್ರಮವೇ ಬೇರೆ. ನಮ್ಮ ವಿಜಾಪುರದ ದ್ರಾಕ್ಷಿ ಬೆಳೆಗಾರರು ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು ಹೀಗೆ ಎರಡು ಚಾಟನಿ ಮಾಡುತ್ತಾರೆ. ಬೋರೆಯನ್ನು ಪ್ರತಿ ಬೇಸಿಗೆಯಲ್ಲಿ ಬೋಳಾಗುವಂತೆ ಕತ್ತರಿಸಬೇಕು, ಏಕೆಂದರೆ ಅದು ಆ ವರ್ಷದ ಹೊಸ ಚಿಗುರಿನಲ್ಲಿಯೇ ಕಾಯಿ ಕಟ್ಟುತ್ತದೆ.

ಮಾವು ಇವೆಲ್ಲಕ್ಕಿಂತ ಭಿನ್ನ. ಅದರ ಹೂಗೊಂಚಲು ಬರುವುದು ಕಡ್ಡಿಯ ತುದಿಯಲ್ಲಿ, ಅದೂ ಕೆಲವು ತಿಂಗಳು ಬಲಿತ ಕಡ್ಡಿಯ ತುದಿಯಲ್ಲಿ. ನಮ್ಮಲ್ಲಿ ಆಪೂಸದ ಕೊಯ್ಲು ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ನಡೆಯುತ್ತದೆ. ಮಳೆಗಾಲದಲ್ಲಿ ಬಂದ ಚಿಗುರು ಬಲಿತು, ಅಕ್ಟೋಬರ್-ನವೆಂಬರ್‌ನಲ್ಲಿ ಅದರ ತುದಿಯ ಮೊಗ್ಗು ಹೂವಾಗಬೇಕೋ ಎಲೆಯಾಗಬೇಕೋ ಎಂಬುದು ಗಿಡದ ಒಳಗೆ ತೀರ್ಮಾನವಾಗುತ್ತದೆ. ಡಿಸೆಂಬರ್‌ನಿಂದ ಹೂ ಕಾಣುತ್ತದೆ. ಆದ್ದರಿಂದ ಸೆಪ್ಟೆಂಬರ್‌ನಲ್ಲಿ ಕಡ್ಡಿಯ ತುದಿ ಕತ್ತರಿಸಿದವನು ಬರುವ ವರ್ಷದ ಹಣ್ಣನ್ನೇ ಕತ್ತರಿಸಿದಂತೆ. ಎಳೆಯ ಚಿಗುರಿಗೆ ಬಲಿಯುವಷ್ಟು ಕಾಲ ಸಿಗುವುದಿಲ್ಲ.

ಇನ್ನೊಂದು ಮಾತು. ನೆರಳಿನಲ್ಲಿರುವ ಕಡ್ಡಿ ಬಲಿತರೂ ಹೂಬಿಡುವುದು ಕಡಿಮೆ. ದಟ್ಟವಾಗಿ ಹೆಣೆದುಕೊಂಡ ಗಿಡದಲ್ಲಿ ಹೊರಮೈ ಮಾತ್ರ ಫಲ ಕೊಡುತ್ತದೆ. ಒಳಗಿನ ಟೊಂಗೆಗಳೆಲ್ಲ ಉಂಡು ಸುಮ್ಮನಿರುವ ಬಳಗ. ಗಾಳಿ ಆಡದ ಈ ಒಳಭಾಗವೇ ಜಿಗಿಹುಳುವಿನ ತವರು. ಎಷ್ಟು ಔಷಧಿ ಸಿಂಪಡಿಸಿದರೂ ಅಲ್ಲಿಗೆ ಮುಟ್ಟುವುದಿಲ್ಲ. ಬೂದಿರೋಗಕ್ಕೂ ಅದೇ ಆಸರೆ.

ನಿಮ್ಮ ಗಿಡಕ್ಕೆ ಸವರುವಿಕೆ ಬೇಕೋ ಬೇಡವೋ ತಿಳಿಯಲು ಉಪಕರಣವೇನೂ ಬೇಡ. ಬಿಸಿಲಿರುವ ದಿನ ನಡುಮಧ್ಯಾಹ್ನ ಗಿಡದ ಬುಡದಲ್ಲಿ ನಿಂತು ನೆಲ ನೋಡಬೇಕು. ಅಲ್ಲಲ್ಲಿ ಬಿಸಿಲಿನ ಚುಕ್ಕೆಗಳು ಆಡುತ್ತಿದ್ದರೆ ಗಿಡಕ್ಕೆ ಬೆಳಕು ಸಾಕಷ್ಟಿದೆ. ಒಂದು ಚುಕ್ಕೆಯೂ ಇಲ್ಲದಿದ್ದರೆ ನೆತ್ತಿ ಬಿಡಿಸಬೇಕು.

ವರ್ಷ ವರ್ಷದ ಹಗುರ ಸವರುವಿಕೆ

ಇಪ್ಪತ್ತು-ಇಪ್ಪತ್ತೈದು ವರ್ಷದೊಳಗಿನ, ಇನ್ನೂ ತಕ್ಕಮಟ್ಟಿಗೆ ಹಿಡಿಯುತ್ತಿರುವ ಗಿಡಗಳಿಗೆ ಇದು ಸಾಕು. ಕೊಯ್ಲು ಮುಗಿದ ಎಂಟು-ಹತ್ತು ದಿನಗಳೊಳಗೆ, ಆರಿದ್ರಾ ಮಳೆ ಹಿಡಿಯುವ ಮುನ್ನ ಮುಗಿಸಬೇಕು. ಜಡಿಮಳೆ ಹಿಡಿದ ಮೇಲೆ ಟೊಂಗೆ ಜಾರುತ್ತದೆ, ಏರಿದವರಿಗೆ ಅಪಾಯ. ಹಸಿ ಗಾಯ ತೋಯ್ದು ಕೊಳೆಯುತ್ತದೆ. ಮಿರಗ ಮಳೆಗೆ ಬಿತ್ತನೆಯ ಧಾವಂತ ಇರುತ್ತದೆ, ಮಾವಿನ ಕಡೆ ನೋಡಲು ಯಾರಿಗೂ ಪುರುಸೊತ್ತಿಲ್ಲ ಎಂಬುದು ಗೊತ್ತಿರುವ ವಿಷಯವೇ. ಆದರೂ ಪುಷ್ಯ ಮಳೆಯ ನಂತರ ಮಾಡುವುದಕ್ಕಿಂತ ಆ ವರ್ಷ ಬಿಟ್ಟುಬಿಡುವುದು ಮೇಲು.

ಮೊದಲು ಒಣಗಿದ್ದನ್ನು ತೆಗೆಯಬೇಕು. ತುದಿಯಿಂದ ಒಣಗುತ್ತ ಬರುವ ರೋಗವಿದ್ದರೆ ಒಣಗಿದ ಜಾಗದಲ್ಲಿಯೇ ಕತ್ತರಿಸಿದರೆ ಉಪಯೋಗವಿಲ್ಲ. ರೋಗ ಅದಕ್ಕಿಂತ ಕೆಳಗೆ ಇಳಿದಿರುತ್ತದೆ. ಹಸಿ ಭಾಗದಲ್ಲಿ ನಾಲ್ಕಾರು ಬೆರಳು ಕೆಳಗೆ ಕತ್ತರಿಸಬೇಕು. ಬಳಿಕ ಒಂದಕ್ಕೊಂದು ತಿಕ್ಕುವ ಟೊಂಗೆ, ನೆಲಕ್ಕೆ ಜೋಲುವ ಟೊಂಗೆ, ಒಳಮುಖವಾಗಿ ಬೆಳೆದ ಟೊಂಗೆ. ಕೊನೆಗೆ ಗಿಡದ ನಡುವೆ ನೆಟ್ಟಗೆ ಮೇಲಕ್ಕೆ ಹೋದ ಒಂದು, ಹೆಚ್ಚೆಂದರೆ ಎರಡು ಕೊಂಬೆಗಳನ್ನು ಬುಡದಿಂದ ತೆಗೆದರೆ ನೆತ್ತಿಯಿಂದ ಬೆಳಕು ಒಳಗೆ ಇಳಿಯುತ್ತದೆ. ಈ ಒಂದು ಕೊಂಬೆ ತೆಗೆಯುವುದರಿಂದ ಆಗುವ ಉಪಕಾರ ಸುತ್ತಲೂ ನೂರು ಕಡ್ಡಿ ಕತ್ತರಿಸುವುದರಿಂದ ಆಗುವುದಿಲ್ಲ. ಎಲ್ಲ ಸೇರಿ ಒಂದು ಸಲಕ್ಕೆ ಗಿಡದ ಹಸುರಿನ ಕಾಲುಭಾಗ ಮೀರಬಾರದು.

ಬದನಿಕೆಯ ಕಾಟ

ಅರೆಮಲೆನಾಡಿನ ಹಳೆಯ ಮಾವಿನ ತೋಟಗಳಲ್ಲಿ ಬದನಿಕೆ, ಕೆಲವೆಡೆ ಬಂದಳಿಕೆ ಎನ್ನುವ ಪರಾವಲಂಬಿ ಸಸ್ಯ ಸಾಕಷ್ಟಿದೆ. ಅದು ತಾನೂ ಹಸುರಾಗಿರುವುದರಿಂದ ಗಿಡದ್ದೇ ಎಲೆ ಎಂದು ದೂರದಿಂದ ಮೋಸಹೋಗುವುದುಂಟು. ಅದರ ಜಿಗುಟು ಹಣ್ಣನ್ನು ಚಿಕ್ಕ ಹಕ್ಕಿಗಳು ತಿಂದು ಬೀಜವನ್ನು ಕೊಂಬೆಗೆ ಅಂಟಿಸುತ್ತವೆ. ಬೀಜ ಮೊಳೆತು ಬೇರನ್ನು ಕೊಂಬೆಯ ಒಳಕ್ಕೆ ಇಳಿಸಿ ನೀರು, ಸಾರವನ್ನು ಹೀರುತ್ತದೆ. ಅಂಟಿದ ಜಾಗದಲ್ಲಿ ಗಂಟು ಕಟ್ಟುತ್ತದೆ, ಅದರಾಚೆಯ ಕೊಂಬೆ ಕ್ರಮೇಣ ಸೊರಗಿ ಒಣಗುತ್ತದೆ.

ಬದನಿಕೆಯನ್ನು ಕೈಯಿಂದ ಮುರಿದು ಎಳೆದರೆ ಗಂಟಿನೊಳಗೆ ಉಳಿದ ಬೇರಿನಿಂದ ಮತ್ತೆ ಚಿಗುರುತ್ತದೆ. ಗಂಟಿಗಿಂತ ಒಂದು ಅಡಿ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು. ಹಣ್ಣಾಗುವ ಮೊದಲೇ ತೆಗೆಯಬೇಕು. ನಿಮ್ಮ ತೋಟದಲ್ಲಿ ಸ್ವಚ್ಛ ಮಾಡಿ ಬದುವಿನಾಚೆಯ ತೋಟದಲ್ಲಿ ಹಾಗೆಯೇ ಉಳಿದರೆ ಹಕ್ಕಿಗೆ ಬದುವಿನ ಲೆಕ್ಕವಿಲ್ಲ. ಅಕ್ಕಪಕ್ಕದವರು ಕೂಡಿ ಮಾಡುವ ಕೆಲಸ ಇದು. ಗ್ರಾಮಮಟ್ಟದ ಕಾರ್ಯಕರ್ತರು ಈ ಒಂದು ವಿಷಯವನ್ನು ಊರ ಜನರಿಗೆ ಒಟ್ಟಾಗಿ ತಿಳಿಸಿಕೊಟ್ಟರೆ ಒಳ್ಳೆಯದು.

ಮುದಿ ಗಿಡಗಳ ಪುನಶ್ಚೇತನ

ಈಗ ಕಡಿಸಬೇಕೆಂದು ನಿಶ್ಚಯಿಸಿದ ಗಿಡಗಳ ಮಾತು. ಮೊದಲು ಕಾಂಡವನ್ನು ಪರೀಕ್ಷಿಸಬೇಕು. ಕೊಡಲಿಯ ಹಿಂಬದಿಯಿಂದ ಬಡಿದರೆ ಟೊಳ್ಳು ದನಿ ಬಂದರೆ, ಬುಡದಿಂದಲೇ ಮರದ ಪುಡಿ ಉದುರುತ್ತಿದ್ದರೆ, ಬೇರು ಕೊಳೆತಿದ್ದರೆ, ಅಂಥದ್ದನ್ನು ಕಡಿಸುವುದೇ ಸರಿ. ಅದರ ಮೇಲೆ ಖರ್ಚು ಮಾಡಬಾರದು. ಕಾಂಡ ಗಟ್ಟಿಯಾಗಿದ್ದು ಮೇಲೆ ಮಾತ್ರ ಫಲವಿಲ್ಲದಿದ್ದರೆ ಅದನ್ನು ಮರಳಿ ಹರೆಯಕ್ಕೆ ತರಬಹುದು. ಲಖನೌದ ಕೇಂದ್ರೀಯ ಉಪೋಷ್ಣ ತೋಟಗಾರಿಕೆ ಸಂಸ್ಥೆ ಈ ಪದ್ಧತಿಯನ್ನು ರೂಢಿಗೆ ತಂದಿತು. ಅಲ್ಲಿ ಡಿಸೆಂಬರ್‌ನಲ್ಲಿ ಕತ್ತರಿಸಲು ಹೇಳುತ್ತಾರೆ. ಆ ದೇಶದ ಚಳಿ ಬೇರೆ, ಅಲ್ಲಿ ಮಾವು ಹೂಬಿಡುವುದೂ ತಡ. ನಮ್ಮ ಕಡೆಗೆ ಮಳೆಗಳು ಕಳೆದು ಆಕಾಶ ತಿಳಿಯಾದ ಮೇಲೆ, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಅನುಕೂಲ. ಗಾಯ ಬೇಗ ಆರುತ್ತದೆ. ಭತ್ತದ ಕೊಯ್ಲಿಗೆ ಮುಂಚೆ ಆಳುಗಳೂ ಸಿಗುತ್ತಾರೆ.

ನೆಲದಿಂದ 12ರಿಂದ 14 ಅಡಿ ಎತ್ತರದಲ್ಲಿ ಮುಖ್ಯ ಕೊಂಬೆಗಳನ್ನು ಕತ್ತರಿಸಬೇಕು. ಸುತ್ತಲೂ ಹಂಚಿಕೊಂಡಿರುವ ನಾಲ್ಕೈದು ಕೊಂಬೆಗಳನ್ನು ಆರಿಸಿ ಉಳಿದವನ್ನು ಬುಡಕ್ಕೆ ತೆಗೆಯಬೇಕು. ಆದರೆ ಎಲ್ಲವನ್ನೂ ಒಮ್ಮೆಗೇ ಬೋಳು ಮಾಡಿದರೆ ಗಿಡ ಸಾಯುವ ಭಯವಿದೆ. ಎಲೆಯೇ ಗಿಡದ ಒಲೆ. ಒಲೆ ಪೂರ್ತಿ ಆರಿದರೆ ಬೇರಿಗೆ ಅನ್ನವಿಲ್ಲ. ಹಸುರಾದ ಒಂದೆರಡು ಕೊಂಬೆಗಳನ್ನು ಹಾಗೆಯೇ ಬಿಟ್ಟು, ಹೊಸ ಚಿಗುರು ಚೆನ್ನಾಗಿ ಬಂದ ಮೇಲೆ ಮರುವರ್ಷ ಅವನ್ನೂ ಕತ್ತರಿಸುವುದು ಕ್ಷೇಮ. ಇಷ್ಟು ಮಾಡಿದರೂ ನೂರಕ್ಕೆ ನೂರು ಗಿಡ ಚಿಗುರುತ್ತವೆಂದು ಯಾರೂ ಬರೆದುಕೊಡಲಾರರು.

ಸಾಮಾನ್ಯವಾಗಿ ಕೆಡುವುದು ಕತ್ತರಿಸುವ ರೀತಿಯಿಂದ. ಕೊಡಲಿಯಿಂದ ಕಡಿದರೆ ಅರ್ಧ ಕಡಿಯುವಷ್ಟರಲ್ಲಿ ಕೊಂಬೆ ತನ್ನ ಭಾರಕ್ಕೆ ಮುರಿದು ಕಾಂಡದ ತೊಗಟೆಯನ್ನು ಮೊಳದುದ್ದ ಸೀಳಿಕೊಂಡು ಬೀಳುತ್ತದೆ. ಆ ಸೀಳಿನಲ್ಲಿ ನೀರು ನಿಲ್ಲುತ್ತದೆ, ಹುಳು ಸೇರುತ್ತದೆ. ಗರಗಸದಿಂದ ಮೂರು ಸಲ ಕೊಯ್ಯಬೇಕು. ಕತ್ತರಿಸಬೇಕಾದ ಜಾಗಕ್ಕಿಂತ ಒಂದು ಅಡಿ ಆಚೆಗೆ, ಕೆಳಗಿನಿಂದ ಮೇಲಕ್ಕೆ, ಕೊಂಬೆಯ ಮೂರನೆಯ ಒಂದು ಭಾಗ ಕೊಯ್ಯುವುದು ಮೊದಲನೆಯದು. ಅದಕ್ಕಿಂತ ನಾಲ್ಕು ಬೆರಳು ಆಚೆಗೆ ಮೇಲಿನಿಂದ ಕೊಯ್ದು ಕೊಂಬೆಯನ್ನು ಕೆಡವುವುದು ಎರಡನೆಯದು. ಉಳಿದ ಮೊಂಡನ್ನು ನಿಗದಿಯಾದ ಜಾಗದಲ್ಲಿ ನುಣ್ಣಗೆ, ಮಳೆನೀರು ಹರಿದು ಹೋಗುವಂತೆ ತುಸು ಓರೆಯಾಗಿ ಕೊಯ್ಯುವುದು ಮೂರನೆಯದು. ಯಂತ್ರದ ಗರಗಸವಿದ್ದರೂ ಇದೇ ಕ್ರಮ. ದೊಡ್ಡ ಕೊಂಬೆಗೆ ಹಗ್ಗ ಕಟ್ಟಿ ಇಳಿಸಬೇಕು. ವಿದ್ಯುತ್ ತಂತಿ ಹತ್ತಿರವಿದ್ದರೆ ಲೈನ್‌ಮನ್‌ಗೆ ತಿಳಿಸಿ ವಿದ್ಯುತ್ ನಿಲ್ಲಿಸದ ಹೊರತು ಕೆಲಸ ಹಚ್ಚಬಾರದು.

ಕೊಯ್ದ ದಿನವೇ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. 1 ಕಿಲೋ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 1 ಕಿಲೋ ಸುಟ್ಟ ಸುಣ್ಣವನ್ನು ಇನ್ನೊಂದು 5 ಲೀಟರ್ ನೀರಿನಲ್ಲಿ ಕರಗಿಸಿ, ಸೋಸಿ, ಎರಡನ್ನೂ ಕೂಡಿಸಿದರೆ ಮುಲಾಮು ಸಿದ್ಧ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಇರಲಿ, ಕಬ್ಬಿಣ ಬೇಡ. ಮಸೆದ ಚಾಕುವನ್ನು ಒಂದು ನಿಮಿಷ ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಅಡಿಕೆಗೆ ಔಷಧಿ ಹೊಡೆಯುವವರಿಗೆ ಇದೇನೂ ಹೊಸದಲ್ಲ. ಇಷ್ಟು ವರ್ಷ ನೆರಳಿನಲ್ಲಿದ್ದ ಕಾಂಡಕ್ಕೆ ಒಮ್ಮೆಲೆ ಬಿಸಿಲು ಬಡಿದು ತೊಗಟೆ ಸೀಳುವುದುಂಟು. ಅದಕ್ಕಾಗಿ ಕಾಂಡ ಮತ್ತು ಉಳಿಸಿದ ಕೊಂಬೆಗಳಿಗೆ ಸುಣ್ಣ ಬಳಿಯಬೇಕು.

ಕತ್ತರಿಸಿದ ಮೇಲೆಯೇ ನಿಜವಾದ ಕೆಲಸ

ಗಿಡ ಕತ್ತರಿಸಿ ಹೋದವರು ಮುಂದಿನ ಮಳೆಗಾಲದವರೆಗೆ ಅತ್ತ ತಿರುಗಿ ನೋಡುವುದಿಲ್ಲ. ಈ ಪದ್ಧತಿಗೆ ಕೆಟ್ಟ ಹೆಸರು ಬರಲು ಇದೊಂದು ಕಾರಣ. ಕತ್ತರಿಸಿದ ಒಂದೂವರೆ-ಎರಡು ತಿಂಗಳಿಗೆ, ಚಳಿ ಹೆಚ್ಚಿದ್ದರೆ ಇನ್ನೂ ತಡವಾಗಿ, ತೊಗಟೆಯೊಳಗೆ ಮಲಗಿದ್ದ ಮೊಗ್ಗುಗಳು ಒಡೆದು ಒಂದೊಂದು ಕೊಂಬೆಗೆ ಹತ್ತಿಪ್ಪತ್ತು ಚಿಗುರು ಬರುತ್ತವೆ. ಎಲ್ಲವನ್ನೂ ಬಿಟ್ಟರೆ ಪೊರಕೆಯಂತೆ ಬೆಳೆದು ಐದಾರು ವರ್ಷಕ್ಕೆ ಮತ್ತೆ ಮೊದಲಿನ ಕತ್ತಲೆಯೇ. ಚಿಗುರು ಒಂದು ಮೊಳ ಆದಾಗ ಹೊರಮುಖವಾಗಿರುವ, ದೂರ ದೂರ ಇರುವ, ದಷ್ಟಪುಷ್ಟವಾದ ನಾಲ್ಕರಿಂದ ಆರನ್ನು ಉಳಿಸಿ ಮಿಕ್ಕವನ್ನು ಬುಡದಲ್ಲಿ ಕಿತ್ತುಹಾಕಬೇಕು. ಮತ್ತೆ ಮಳೆಗಾಲದಲ್ಲಿ ಇನ್ನೊಮ್ಮೆ.

ಎಳೆ ಚಿಗುರಿಗೆ ಚಿಬ್ಬು ರೋಗ ಬರುತ್ತದೆ. ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಸಿಂಪಡಿಸಬೇಕು. ಕೆಂಪು ಎಲೆಗಳು ಕತ್ತರಿಯಿಂದ ಕತ್ತರಿಸಿದಂತೆ ಬುಡದಲ್ಲಿ ಬಿದ್ದಿದ್ದರೆ ಅದು ಎಲೆ ಕತ್ತರಿಸುವ ಮೂತಿಹುಳುವಿನ ಕೆಲಸ. ಎಲೆಯಲ್ಲಿ ಮೊಟ್ಟೆಯಿಟ್ಟ ಮೇಲೆಯೇ ಅದು ಎಲೆಯನ್ನು ಕತ್ತರಿಸಿ ಬೀಳಿಸುವುದರಿಂದ, ಬಿದ್ದ ತುಂಡುಗಳನ್ನು ಗುಡಿಸಿ ಸುಟ್ಟರೆ ಮುಂದಿನ ಸಂತತಿ ಅಲ್ಲಿಗೇ ಮುಗಿಯುತ್ತದೆ. ಮಕ್ಕಳೂ ಮಾಡಬಹುದಾದ ಕೆಲಸ.

ಗೊಬ್ಬರದ ವಿಷಯದಲ್ಲಿ ಒಂದು ಎಚ್ಚರಿಕೆ. ಗಿಡದ ಮೇಲ್ಭಾಗ ಚಿಕ್ಕದಾಯಿತೆಂದು ಬುಡಕ್ಕೆ ಹತ್ತಿರ ಗೊಬ್ಬರ ಹಾಕುವವರಿದ್ದಾರೆ. ಕೊಂಬೆ ಕತ್ತರಿಸಿದ ಮಾತ್ರಕ್ಕೆ ಬೇರು ಹಿಂದೆ ಸರಿಯುವುದಿಲ್ಲ. ಉಣ್ಣುವ ಬೇರುಗಳು ಮೊದಲು ನೆರಳು ಬೀಳುತ್ತಿದ್ದ ಜಾಗದಲ್ಲಿಯೇ ಇರುತ್ತವೆ. ಕಾಂಡದಿಂದ ಐದಾರು ಅಡಿ ಬಿಟ್ಟು ಆಚೆಗೆ ಉಂಗುರದಂತೆ ಪಾತಿ ಮಾಡಿ ಹಾಕಬೇಕು. ಹತ್ತು ವರ್ಷ ಮೀರಿದ ಗಿಡಕ್ಕೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರ, 730 ಗ್ರಾಂ ಸಾರಜನಕ, 180 ಗ್ರಾಂ ರಂಜಕ, 680 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ನಮ್ಮ ರಾಜ್ಯದ ಶಿಫಾರಸು. ಚೀಲದ ಲೆಕ್ಕದಲ್ಲಿ ಹೇಳುವುದಾದರೆ ಯೂರಿಯಾ 1.6 ಕಿಲೋ, ಸೂಪರ್ ಫಾಸ್ಫೇಟ್ 1.1 ಕಿಲೋ, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸಹ ಸುಮಾರು 1.1 ಕಿಲೋ. ನೆಲ ಹದವಾಗಿರುವಾಗ ಹಾಕಿ ಮಣ್ಣು ಮುಚ್ಚಬೇಕು. ಮೊದಲ ಬೇಸಿಗೆಯಲ್ಲಿ ನೀರಿನ ಅನುಕೂಲವಿದ್ದವರು ಹದಿನೈದು ದಿನಕ್ಕೊಮ್ಮೆ ಪಾತಿಗೆ ನೀರು ಬಿಟ್ಟರೆ ಚಿಗುರು ಜೋರಾಗಿ ಬರುತ್ತದೆ. ಇಲ್ಲದವರು ಸವರಿದ ಎಲೆ, ಭತ್ತದ ಹುಲ್ಲು ಹೊದಿಸಿ ಹಸಿ ಕಾಯ್ದುಕೊಳ್ಳಬೇಕು.

ಕಲ್ತಾರ್ ಬಗ್ಗೆ

ಆಪೂಸಕ್ಕೆ ವರ್ಷ ಬಿಟ್ಟು ವರ್ಷ ಹಿಡಿಯುವ ಗುಣವಿದೆ. ಇದನ್ನು ಕಡಿಮೆ ಮಾಡಲು ಪ್ಯಾಕ್ಲೋಬ್ಯುಟ್ರಜಾಲ್ ಎಂಬ ಬೆಳವಣಿಗೆ ತಡೆಯುವ ರಾಸಾಯನಿಕವನ್ನು ಬುಡಕ್ಕೆ ಹಾಕುತ್ತಾರೆ. ಕಲ್ತಾರ್ ಎಂಬ ಹೆಸರಿನಿಂದಲೇ ಎಲ್ಲರಿಗೂ ಪರಿಚಿತ. ಗಿಡದ ನೆರಳಿನ ಅಡ್ಡಳತೆಯ ಪ್ರತಿ ಮೀಟರಿಗೆ 3 ಮಿಲಿಲೀಟರ್ ಲೆಕ್ಕ ಹಿಡಿದು ಹಾಕಿದರೆ ಸದೃಢ ಗಿಡಕ್ಕೆ ತೊಂದರೆಯಿಲ್ಲ. ಆದರೆ ತೋಟವನ್ನು ಗುತ್ತಿಗೆಗೆ ಕೊಟ್ಟಾಗ ಒಂದೆರಡು ವರ್ಷದಲ್ಲಿ ಹಣ್ಣು ತೆಗೆದುಕೊಂಡು ಹೋಗುವವನಿಗೆ ಗಿಡದ ಆಯುಷ್ಯದ ಚಿಂತೆ ಇರುವುದಿಲ್ಲ. ಅಳತೆ ಮೀರಿ ಸುರಿದರೆ ಅದು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ಅಂಥ ಗಿಡವನ್ನು ಕತ್ತರಿಸಿದರೆ ಬರುವ ಚಿಗುರು ನೀಳವಾಗದೆ ಗಿಡ್ಡಗೆ, ಗೊಂಚಲು ಗೊಂಚಲಾಗಿ ನಿಲ್ಲುತ್ತದೆ. ಆದ್ದರಿಂದ ಸವರಬೇಕೆಂದಿರುವ ಗಿಡಗಳಿಗೆ ಹಿಂದಿನ ವರ್ಷ ಕಲ್ತಾರ್ ಹಾಕಿಸಬಾರದು. ಸವರಿದ ಮೇಲೆ ಎರಡು ವರ್ಷವೂ ಬೇಡ. ಗುತ್ತಿಗೆಯ ಕಾಗದದಲ್ಲಿಯೇ ಈ ಷರತ್ತು ಬರೆಸಿಕೊಳ್ಳುವುದು ಲೇಸು.

ತೋಟವನ್ನು ಒಂದೇ ವರ್ಷ ಬೋಳು ಮಾಡಬೇಡಿರಿ

ಕತ್ತರಿಸಿದ ಗಿಡದಲ್ಲಿ ಎರಡು ವರ್ಷ ಫಲದ ಆಸೆ ಇಡುವಂತಿಲ್ಲ. ಮೂರನೆಯ ವರ್ಷದಿಂದ ಹೂ ಕಾಣಬಹುದು. ಅಷ್ಟು ದಿನ ಮನೆ ನಡೆಯಬೇಕಲ್ಲ? 33 ಅಡಿ ಅಂತರದ ತೋಟದಲ್ಲಿ ಎಕರೆಗೆ 40 ಗಿಡಗಳಿರುತ್ತವೆ. ಪ್ರತಿ ವರ್ಷ ಹದಿಮೂರು-ಹದಿನಾಲ್ಕರಂತೆ ಮೂರು ವರ್ಷದಲ್ಲಿ ಮುಗಿಸಿದರೆ, ಕೊನೆಯ ಕಂತು ಕತ್ತರಿಸಿದ ಮರುವರ್ಷವೇ ಮೊದಲ ಕಂತಿನ ಗಿಡಗಳು ಫಲಕ್ಕೆ ಬರತೊಡಗುತ್ತವೆ. ಸಾಲು ಬಿಟ್ಟು ಸಾಲು ಕತ್ತರಿಸುವುದೂ ಒಂದು ಕ್ರಮ. ಬೆಳಕು ಬಿದ್ದ ಸಾಲುಗಳ ನಡುವೆ ಮಳೆಗಾಲದಲ್ಲಿ ಶೇಂಗಾ, ಸೋಯಾಅವರೆ, ಅಲಸಂದೆ ಬಿತ್ತಬಹುದು. ಎತ್ತರ ಬೆಳೆಯುವ ಗೋವಿನಜೋಳವನ್ನು ಗಿಡಕ್ಕೆ ಒತ್ತಿ ಬಿತ್ತಬಾರದು, ಟ್ರ್ಯಾಕ್ಟರಿನ ನೇಗಿಲು ಬುಡದ ಹತ್ತಿರ ಹೋಗಬಾರದು. ಮಾರಿದ ಕಟ್ಟಿಗೆಯ ಹಣದಿಂದ ಕತ್ತರಿಸಿದ ಕೂಲಿಯ ಸ್ವಲ್ಪ ಭಾಗವಾದರೂ ಹುಟ್ಟುತ್ತದೆ.

ತೋಟದ ಅಂಚಿನಲ್ಲಿ ಹುಳಿ ಹಣ್ಣಿನ ನಾಟಿ ಮಾವು ಇದ್ದರೆ, ಅದನ್ನು ಹೀಗೆಯೇ ಕತ್ತರಿಸಿ ಹೊಸ ಚಿಗುರಿಗೆ ಆಪೂಸದ ಕಡ್ಡಿ ಕಸಿ ಕಟ್ಟಬಹುದು. ಆದರೆ ಉಪ್ಪಿನಕಾಯಿಗೆ ಹೆಸರಾದ ಒಳ್ಳೆಯ ಮಿಡಿಮಾವಿನ ಗಿಡವಿದ್ದರೆ ಅದಕ್ಕೆ ಕಸಿ ಕಟ್ಟಲು ಹೋಗಬೇಡಿರಿ. ಅಂಥ ಗಿಡ ಮತ್ತೆ ಸಿಕ್ಕೀತೆಂಬ ಭರವಸೆಯಿಲ್ಲ.

ಕಾಂಡ ಕೊರೆಯುವ ಹುಳು

ಸವರಿದ ಗಿಡದ ದೊಡ್ಡ ಶತ್ರು ಇದು. ಉದ್ದ ಮೀಸೆಯ ಕಂದು ದುಂಬಿ ತೊಗಟೆಯ ಸೀಳಿನಲ್ಲಿ, ಗಾಯದಲ್ಲಿ ಮೊಟ್ಟೆ ಇಡುತ್ತದೆ. ಬೆರಳುಗಾತ್ರದ ಬಿಳಿ ಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಹೊರಗೆ ಕಾಣುವುದು ತೂತಿನಿಂದ ಉದುರುವ ಮರದ ಪುಡಿ ಮಾತ್ರ. ಅದನ್ನು ನಿರ್ಲಕ್ಷಿಸಿದರೆ ಹೊಸ ಚಿಗುರಿನ ಸಮೇತ ಕೊಂಬೆ ಒಣಗಿದಾಗಲೇ ತಿಳಿಯುವುದು. ಕತ್ತರಿಸಿದ ಹಸಿ ದಿಮ್ಮಿಗಳನ್ನು ತೋಟದಲ್ಲಿಯೇ ರಾಶಿ ಹಾಕಿದರೆ ದುಂಬಿಯನ್ನು ಕರೆದು ಕೂಡಿಸಿದಂತೆ. ವಾರದೊಳಗೆ ಹೊರಗೆ ಸಾಗಿಸಬೇಕು.

ಪುಡಿ ಕಂಡ ಕೂಡಲೆ ತೂತನ್ನು ಚಾಕುವಿನಿಂದ ಸ್ವಚ್ಛ ಮಾಡಿ, ತುದಿ ಬಾಗಿಸಿದ ಸೈಕಲ್ ಕಡ್ಡಿಯನ್ನು ಒಳಗೆ ಬಿಟ್ಟು ಹುಳುವನ್ನು ಚುಚ್ಚಿ ಎಳೆಯಬೇಕು. ಬಳಿಕ ಸೀಮೆಎಣ್ಣೆಯಲ್ಲಿಯೋ ಪೆಟ್ರೋಲಿನಲ್ಲಿಯೋ ಅದ್ದಿದ ಹತ್ತಿಯನ್ನು ತುರುಕಿ ಹಸಿ ಮಣ್ಣಿನಿಂದ ಮೆತ್ತಬೇಕು. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಡೈಕ್ಲೋರ್ವಾಸ್, ಅಂದರೆ ನುವಾನ್ ಹೇಳಿರುತ್ತದೆ. 2020ರ ಡಿಸೆಂಬರ್ ಕೊನೆಯಿಂದ ದೇಶದಲ್ಲಿ ಅದರ ಬಳಕೆ ನಿಷಿದ್ಧವಾಗಿದೆ. ಎಲ್ಲಿಯೋ ಉಳಿದ ಬಾಟಲಿ ಸಿಕ್ಕಿತೆಂದು ಬಳಸಬಾರದು. ಎಂಟು ದಿನದ ನಂತರ ಮತ್ತೆ ನೋಡಬೇಕು. ಮಣ್ಣಿನ ಮೆತ್ತಿಗೆಯ ಪಕ್ಕದಲ್ಲಿ ಹೊಸ ಪುಡಿ ಇದ್ದರೆ ಒಳಗೆ ಹುಳು ಇನ್ನೂ ಬದುಕಿದೆ, ಕಡ್ಡಿಯನ್ನು ಮತ್ತೆ ಆಡಿಸಬೇಕು.

ಹಳೆಯ ತೋಟಗಳ ಪುನಶ್ಚೇತನಕ್ಕೆ ತೋಟಗಾರಿಕೆ ಇಲಾಖೆಯ ಯೋಜನೆಗಳಲ್ಲಿ ನೆರವು ಇರುವುದುಂಟು. ಗಿಡ ಕತ್ತರಿಸುವ ಮೊದಲೇ ಹಾನಗಲ್ಲಿನ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿರಿ. ಮೊದಲ ಸಲ ಕತ್ತರಿಸುವವರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರ ಸಲಹೆ ಪಡೆದು ಒಂದೆರಡು ಗಿಡ ಮಾತ್ರ ಕತ್ತರಿಸಿ, ಒಂದು ವರ್ಷ ನೋಡಿ, ಆಮೇಲೆ ಉಳಿದವಕ್ಕೆ ಕೈಹಾಕಬಹುದು.